ನಮ್ಮ ಟ್ಯಾಂಕಿನ ಮೂರನೇ ಬಾಟಲಿ

ಅಪ್ಪ,

ಫ್ರಿಜ್ಜಿನಲ್ಲಿರುವ ಮೂರು ಬಾಟಲಿಗಳನ್ನು ಮುಟ್ಟಬೇಡ. ಅವು ನನ್ನ ಲ್ಯಾಬ್ ವರದಿಯ ನೀರು. ಒಂದು ಕೆರೆಯದು, ಒಂದು ಬೀದಿ ನಲ್ಲಿಯದು, ಮೂರನೆಯದು ನಮ್ಮ ಟ್ಯಾಂಕಿನದು. ಪರೀಕ್ಷೆ ಮಾಡಿ ನೋಡಿದೆ, ಕೆರೆಯೇ ವಾಸಿ.

ಹೆದರಬೇಡ, ವರದಿಯಲ್ಲಿ ನಿನ್ನ ಹೆಸರಿಲ್ಲ. "ಊರಿನ ಅರ್ಧ ಟ್ಯಾಂಕುಗಳನ್ನು ತೊಳೆದ ಪ್ಲಂಬರ್ ಒಬ್ಬರ ಮನೆ" ಎಂದಷ್ಟೇ ಬರೆದಿದ್ದೇನೆ. ಬಣ್ಣ ತಿಳಿ ಹಳದಿ, ತಳದಲ್ಲಿ ಕೆಸರು. ನಿನ್ನೆ ಬಾಟಲಿ ತೋರಿಸಿದಾಗ "ನಮ್ದು ಕನ್ನಡಿ ಇದ್ದ ಹಾಗಿದೆ ಕಣೇ" ಅಂದು, ಬೆಳಕಿಗೆ ಹಿಡಿದೂ ನೋಡದೆ ವಾಪಸ್ ಕೊಟ್ಟೆಯಲ್ಲ, ಅದನ್ನೂ ಗಮನಿಸಿದ ಅಂಶಗಳಲ್ಲಿ ಸೇರಿಸಿದ್ದೇನೆ.

ವರದಿಗೆ ಎರಡು ಭಾಗ: ಟ್ಯಾಂಕು ತೊಳೆಯುವ ಮೊದಲು, ತೊಳೆದ ಮೇಲೆ. ಎರಡನೆಯದರ ಪುಟ ಇನ್ನೂ ಖಾಲಿ ಇದೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು. ಮೇಡಂ ಕಾರಣ ಕೇಳಿದರೆ ನಿನ್ನ ಫೋನ್ ನಂಬರ್ ಕೊಟ್ಟುಬಿಡುತ್ತೇನೆ.

ಟ್ಯಾಂಕು ತೊಳೆದು ಮುಗಿಯುವವರೆಗೆ ಮೋಟಾರು ಹಾಕಬೇಡ. ಇರುವ ನೀರಲ್ಲಿ ಬಟ್ಟೆ ಒಗೆದು ಟ್ಯಾಂಕು ಖಾಲಿ ಮಾಡು. ಉದ್ದ ಹಿಡಿಯ ಬ್ರಷ್ಷು ಬಚ್ಚಲ ಬಾಗಿಲ ಹಿಂದಿದೆ, ತೆಗೆದಿಡು. ತೊಳೆದ ಮೇಲಿನ ನೀರಿಗೆಂದು ನಾಲ್ಕನೇ ಬಾಟಲಿಯನ್ನು ಕುದಿಸಿ ಒಲೆಯ ಪಕ್ಕ ಬೋರಲು ಇಟ್ಟಿದ್ದೇನೆ, ಅದರಲ್ಲಿ ನಿನ್ನ ಮೋಟಾರಿನ ಎಣ್ಣೆ ತುಂಬಬೇಡ.

ಏಣಿ ಮಾತ್ರ ಹತ್ತಬೇಡ. ಹೋದ ವರ್ಷ ಬಿದ್ದ ಮೇಲೆ ನೀನು ಮೇಲೆ ಹೋಗಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಕೇಳುವುದಿಲ್ಲ. ನಾಲ್ಕು ಗಂಟೆಗೆ ಬರುತ್ತೇನೆ. ಈ ಸಲ ಟ್ಯಾಂಕಿಗೆ ಇಳಿಯುವವಳು ನಾನು. ನೀನು ಕೆಳಗೆ ಏಣಿ ಹಿಡಿದು ನಿಂತು, ಹೇಗೆ ಉಜ್ಜಬೇಕೆಂದು ಬೈದು ಹೇಳಿಕೊಡು.

ಎರಡನೇ ಭಾಗದಲ್ಲಿ ನಿನ್ನ ಹೆಸರನ್ನೇ ಬರೆಯುತ್ತೇನೆ.

ದೊಡ್ಡವಳು