ರೋಗವಿಲ್ಲದ ರಕ್ತ

ಡಾಕ್ಟರ್ ಮೇಡಂ ಅವರಿಗೆ, ಲ್ಯಾಬಿನಿಂದ ನಮಸ್ಕಾರ.

ದಯವಿಟ್ಟು ಹೊಸ ಕಿಟ್ ವಾಪಸ್ ಕಳಿಸಬೇಡಿ. ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಯ ಪರೀಕ್ಷೆಗೆ, ಹೋಲಿಸಿ ನೋಡಲು ರೋಗವಿಲ್ಲದವರ ರಕ್ತ ಬೇಕಲ್ಲ. ಹನ್ನೊಂದು ವರ್ಷಗಳಿಂದ ಅದು ನನ್ನದೇ. ಈ ಸಲ, ಕಪ್ಪಗಿರಬೇಕಾದ ನನ್ನ ಸ್ಲೈಡ್ ರೋಗಿಗಳ ಸ್ಲೈಡಿನಂತೆ ಹಸಿರಾಗಿ ಹೊಳೆಯಿತು. "ಕಿಟ್ಟೇ ಸರಿಯಿಲ್ಲ ಅಕ್ಕಾ, ನೀವು ಗುಂಡುಕಲ್ಲಿನ ಥರ ಇದೀರಿ" ಎಂದು ಪಕ್ಕದ ಮೇಜಿನವಳು ನಿಮಗೆ ದೂರು ಬರೆದುಬಿಟ್ಟಳು. ನಾನು ಹಳೆಯ ಕಿಟ್ಟಿನಲ್ಲೂ ಎರಡು ಸಲ ನೋಡಿದೆ. ಅದೇ ಹಸಿರು. ಬೆಳಗಿನ ಹೊತ್ತು ಬೆರಳು ಮಡಚಲಾಗದ್ದಕ್ಕೆ ಇಷ್ಟು ದಿನ ಸುಮ್ಮನೆ ಚಳಿಯನ್ನು ಬೈದೆ.

ಕಿಟ್ ಸರಿಯಿದೆ, ನನ್ನ ಕೈಯೂ ಸರಿಯಿದೆ. ನಾನು ಕೊಟ್ಟ ಒಂದು ವರದಿಯೂ ಈವರೆಗೆ ತಪ್ಪೆಂದು ತಿರುಗಿ ಬಂದಿಲ್ಲ; ಇದೂ ಬರುವುದಿಲ್ಲ.

ಮಂಗಳವಾರ ಚೀಟಿ ಮಾಡಿಸಿಕೊಂಡು, ರೋಗಿಯಾಗಿ ನಿಮ್ಮ ಮುಂದೆ ಕೂರುತ್ತೇನೆ. ಹೋಲಿಕೆಗೆ ಬೇರೆಯವರ ರಕ್ತ ಹುಡುಕಿ. ಸ್ಲೈಡ್ ನೋಡುವುದಕ್ಕೆ ಮಾತ್ರ ಬೇರೆಯವರನ್ನು ಹುಡುಕಬೇಡಿ.

ಇಂತಿ,
ನಿಮ್ಮ ಹಿರಿಯ ಟೆಕ್ನಿಷಿಯನ್