ಹತ್ತನೇ ಮಗು

ಜೂನ್ 10, ಸೋಮವಾರ

ನಲ್ಲಿಗೆ ನೀರು ಐದಕ್ಕೇ ಬಂತು. ನಾಲ್ಕು ಕೊಡ ತುಂಬಿಸಿದೆ. ಅಮ್ಮ ಇಟ್ಟಿಗೆ ಹೊರೋಕೆ ಹೋದಳು, ಅಪ್ಪ ಕಂಬಿ ಕಟ್ಟೋಕೆ — ಇಬ್ಬರಿಗೂ ಇದೇ ಬಿಲ್ಡಿಂಗಲ್ಲಿ ಕೆಲಸ, ನಾವಿರೋದೂ ಇಲ್ಲೇ ಶೆಡ್ಡಲ್ಲಿ. ಪಾಪು ಎದ್ದ — ಒದ್ದೆ. ತೊಳೆದೆ, ಉಣ್ಣಿಸಿದೆ, ಸೊಂಟಕ್ಕೇರಿಸಿದೆ. ಒಂದೂವರೆ ವರ್ಷದವನು, ಭಾರ ಮಾತ್ರ ಸಿಮೆಂಟ್ ಮೂಟೆಯದು. ತಮ್ಮ ಎಲ್ಲರಿಗಿಂತ ಕೊನೆಗೆ ಎದ್ದ. ಒಂದು ಕಾಲುಚೀಲ ಎಲ್ಲಿ ಅಂತ ನನ್ನನ್ನೇ ಕೇಳಿದ. ಕಾಲಲ್ಲೇ ಇತ್ತು.

ಇದು ಅವನ ಹಳೇ ನೋಟ್‌ಬುಕ್. ಹಿಂದಿನ ಹಾಳೆಗಳು ಖಾಲಿ. ನಾನು ಐದನೇ ಕ್ಲಾಸ್ ಮುಗಿಸಿದ್ದೆ, ಪಾಪು ಹುಟ್ಟಿದ, ಅಲ್ಲಿಗೆ ನಿಂತಿತು. ಅಕ್ಷರ ಮರೆಯಬಾರದು ಅಂತ ಬರೀತಿದ್ದೀನಿ. ಅಷ್ಟೆ.

ಜೂನ್ 13

ತಮ್ಮ ಸ್ಕೂಲಿಂದ ಬಂದ, ಬ್ಯಾಗ್ ಎಸೆದ, ಆಟಕ್ಕೆ ಓಡಿದ. ಗೇಟಿನಾಚೆ ಅವನಿಗೆ ಎಲ್ಲ ಗೊತ್ತು — ಬಸ್ ಸ್ಟಾಪು, ಸೈಕಲ್ ಅಂಗಡಿ, ಯಾವ ಓಣೀಲಿ ನಾಯಿ ಅಟ್ಟಿಸ್ಕೊಂಡು ಬರುತ್ತೆ ಅನ್ನೋದೂ. ನನಗೆ ಗೊತ್ತಿರೋದು ನಲ್ಲಿ, ಶೆಡ್ಡು, ಮರಳುಗುಡ್ಡೆ. ಹುಡುಗಿ ಒಬ್ಬಳೇ ಗೇಟು ದಾಟೋದು ಬೇಡ ಅಂತ ಅಪ್ಪ.

ಅವನ ಲೆಕ್ಕ ನಾನೇ ಮಾಡಿಕೊಟ್ಟೆ, ಪಾಪುವನ್ನ ಮಡಿಲಲ್ಲಿ ಮಲಗಿಸ್ಕೊಂಡು. ಮೊದಲು ತಲೆಬುಡ ಗೊತ್ತಾಗಲಿಲ್ಲ. ಪುಸ್ತಕ ನೋಡಿ ನೋಡಿ ಬಂತು. ನಾಳೆ ‘ಗುಡ್’ ಅವನಿಗೆ ಸಿಗುತ್ತೆ.

ಜೂನ್ 15, ಶನಿವಾರ

ಸ್ಕೂಲಿಗೆ ಬರದ ಮಕ್ಕಳ ಲೆಕ್ಕ ತಗೊಳ್ಳೋಕೆ ತಮ್ಮನ ಟೀಚರ್ ಶೆಡ್ಡಿಗೇ ಬಂದಿದ್ದರು. ನೀನು ಎಷ್ಟನೇ ಕ್ಲಾಸ್ ಅಂದರು. ನನಗಿಂತ ಮುಂಚೆ ತಮ್ಮನೇ ಹೇಳಿದ — ಅಕ್ಕ ಮನೇಲಿರ್ತಾಳೆ ಅಂತ. ಓದೋಕೆ ಇಷ್ಟಾನಾ ಅಂತ ಕೇಳಿದರು. ಪಾಪುವಿನ ಮೂಗು ಒರೆಸಿದೆ.

ಅವರು ಸೀದಾ ಸೂಪರ್‌ವೈಸರ್ ಹತ್ರ ಹೋದರು. ಬಹಳ ಹೊತ್ತು ಮಾತಾಡಿದರು. ಬಂದು ಹೇಳಿದ್ದು: ಪುಟ್ಟ ಮಕ್ಕಳಿಗೆ ಅಂತ ಒಂದು ರೂಮು, ನೋಡ್ಕೊಳ್ಳೋಕೆ ಒಬ್ಬ ಆಯಾ ಕೊಡ್ತಾರಂತೆ. ಆದರೆ ಹತ್ತು ಮಕ್ಕಳಾದರೆ ಮಾತ್ರ. ಮುಂದಿನ ಶನಿವಾರದೊಳಗೆ ಹೆಸರು ಬರೆಸಬೇಕು.

ಹತ್ತು.

ಜೂನ್ 18

ಪಾಪುವನ್ನ ಎತ್ಕೊಂಡು ಶೆಡ್ಡು ಶೆಡ್ಡಿಗೆ ಅಲೆದೆ. ಯಾವ ಬಾಗಿಲಲ್ಲಿ ನೋಡಿದರೂ ಒಬ್ಬ ಹುಡುಗಿ, ಅವಳ ಸೊಂಟದಲ್ಲಿ ಒಂದು ಕೂಸು. ಅವರೆಲ್ಲ ಸರಿ ಅಂದರು. ಅಮ್ಮಂದಿರನ್ನ ಒಪ್ಪಿಸೋದೇ ಕಷ್ಟ ಆಯ್ತು. ಆಯಾ ಹೊಡೆದರೆ? ಮಲಗಿಸೋಕೆ ಅಂತ ಏನಾದರೂ ಕುಡಿಸಿದರೆ? ಊಟದ ಹೊತ್ತಲ್ಲಿ ದಿನಕ್ಕೊಬ್ಬರು ಹೋಗಿ ಇಣುಕಿ ನೋಡಿ ಅಂದೆ. ಅದು ಹಿಡಿಸಿತು.

ಸಂಜೆಗೆ ಒಂಬತ್ತು. ಗಂಟಲು ಕಟ್ಟಿದೆ, ಸೊಂಟ ಬಿದ್ದುಹೋಗಿದೆ.

ಜೂನ್ 20, ಮಧ್ಯಾಹ್ನ

ಸಿಮೆಂಟ್ ಗೋಡೌನ್ ಹಿಂದೆ ಮಗುವಿನ ಅಳು ಕೇಳಿಸಿತು. ಹೋಗಿ ನೋಡಿದರೆ ಪೇಂಟರ್ ಮಗ. ತಮ್ಮನ ಕ್ಲಾಸಿನವನು, ಜ್ವರ ಅಂತ ಈ ವರ್ಷ ಸ್ಕೂಲು ಶುರುವಾದಾಗಿಂದ ಹೋಗಿಲ್ಲ. ಜ್ವರವೂ ಇಲ್ಲ, ಗಿರವೂ ಇಲ್ಲ. ತೊಡೆ ಮೇಲೆ ಎಂಟು ತಿಂಗಳ ತಂಗಿ. ಅವಳಿಗೆ ಜುಟ್ಟು ಕಟ್ಟಿದ್ದಾನೆ — ನನಗಿಂತ ನೀಟಾಗಿ. ಅವನಮ್ಮನೂ ಕೆಲಸಕ್ಕೆ ಹೋಗ್ತಾಳೆ. ಅವರ ಮನೇಲಿ ದೊಡ್ಡ ಹುಡುಗಿ ಇಲ್ಲ. ಅದಕ್ಕೇ ಇವನು.

"ಯಾರಿಗೂ ಹೇಳ್ಬೇಡ ಅಕ್ಕ. ಗೊತ್ತಾದ್ರೆ ಹುಡುಗರು ನನ್ನ ಆಯಾ ಅಂತ ಕರೀತಾರೆ."

ತಂಗಿ ಹೆಸರು ಬರೆಸು ಅಂದೆ. ಬರೆಸಿದರೆ ಎಲ್ಲರಿಗೂ ಗೊತ್ತಾಗುತ್ತಲ್ಲ ಅಂದ. ಸಿಟ್ಟು ನೆತ್ತಿಗೇರಿತು. ನಾವು ಇಷ್ಟು ಹುಡುಗಿಯರು ದಿನವಿಡೀ ಎತ್ಕೊಂಡು ತಿರುಗ್ತೀವಿ, ಯಾರೂ ನಗಲ್ಲ. ನೋಡೋದೇ ಇಲ್ಲ. ಇವನಿಗೆ ನಾಚಿಕೆಯಂತೆ. ಬೈಬೇಕು ಅಂತ ಬಾಯಿ ತೆರೆದೆ. ಅವನ ಕಣ್ಣು ತುಂಬಿತ್ತು. ಹೇಳಲ್ಲ ಅಂತ ಮಾತು ಕೊಟ್ಟು ಬಂದೆ.

ಯಾಕೆ ಕೊಟ್ಟೆನೋ.

ಜೂನ್ 21, ಸಂಜೆ

ಒಂಬತ್ತೇ. ಅಪ್ಪ ಬೇರೆ ರಾಗ ಶುರು ಮಾಡಿದ — ರೂಮು ಕೊಟ್ರೂ ಇವಳು ಸ್ಕೂಲಿಗೆ ಹೋದರೆ ಮನೆ ನೀರು ಯಾರು ತರ್ತಾರೆ ಅಂತ.

ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಇವಳು ಹುಟ್ಟೋಕೆ ಮುಂಚೆ ಯಾರು ತರ್ತಿದ್ರು?"

ಅಪ್ಪ ಎದ್ದು ಹೊರಗೆ ಹೋದ. ಅಮ್ಮನೂ ಅಷ್ಟಕ್ಕೇ ಬಿಟ್ಟಳು. ಆಮೇಲೆ ನನ್ನ ತಲೆ ಬಾಚುವಾಗ ಹೇಳಿದಳು, ಅವಳು ಮೂವರು ತಮ್ಮಂದಿರನ್ನ ಎತ್ತಿ ಆಡಿಸಿದ್ದಳಂತೆ. ಇದುವರೆಗೆ ಹೇಳಿರಲಿಲ್ಲ.

ಜೂನ್ 22, ಶನಿವಾರ

ಇವತ್ತಿಂದು ಒಂದೂ ಬಿಡಬಾರದು. ನಿಧಾನಕ್ಕೆ ಬರೀತೀನಿ.

ಟೀಚರ್ ತಗಡಿನ ನೆರಳಲ್ಲಿ ಪಟ್ಟಿ ಹಿಡಿದು ಕೂತಿದ್ದರು. ಒಂಬತ್ತು ಹೆಸರು. ಸೂಪರ್‌ವೈಸರ್ ಗಡಿಯಾರ ನೋಡಿ ಪೆನ್ನಿಗೆ ಕ್ಯಾಪ್ ಹಾಕಿದರು. ಹತ್ತನೇದು ಎಲ್ಲಿದೆ ಅಂತ ಗೊತ್ತಿರೋದು ನನಗೊಬ್ಬಳಿಗೇ. ನಾಲಿಗೆ ತುದೀಲಿ ಇತ್ತು. ಹಲ್ಲು ಕಚ್ಚಿ ನಿಂತೆ.

ಆಗ ಅವನೇ ಬಂದ. ಆಟ ಆಡ್ತಿದ್ದ ಹುಡುಗರ ನಡುವೆಯೇ, ತಂಗಿಯನ್ನ ಹೆಗಲಿಗೆ ಹಾಕ್ಕೊಂಡು. ಯಾರೋ ‘ಆಯಾ ಬಂದ’ ಅಂದರು. ನಕ್ಕರು. ನನ್ನ ತಮ್ಮನೂ ನಕ್ಕ. ಅವನ ಕಿವಿ ಕೆಂಪಗಾಯ್ತು, ಕಾಲು ಮಾತ್ರ ನಿಲ್ಲಲಿಲ್ಲ. ಟೀಚರ್ ಹತ್ರ ಬಂದು ತಂಗಿ ಹೆಸರು ಹೇಳಿದ, ಹುಟ್ಟಿದ ತಾರೀಕು ಹೇಳಿದ.

"ಎರಡು ಹಲ್ಲು ಬಂದಿವೆ ಮಿಸ್. ಹಸಿವಾದ್ರೆ ಕಚ್ತಾಳೆ. ಆಯಾಗೆ ಹೇಳಿ."

ಸೂಪರ್‌ವೈಸರ್ ಪೆನ್ನಿನ ಕ್ಯಾಪ್ ತೆಗೆದರು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎದೆ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗೆ. ಅಳುನೂ ಬಂತು, ನಗುನೂ ಬಂತು. ಪಾಪು ನನ್ನ ಕೆನ್ನೆ ತಟ್ಟಿದ. ಯಾಕೆ ಬಂದೆ ಅಂತ ಆಮೇಲೆ ಕೇಳಿದೆ. ನಂಗೂ ಸ್ಕೂಲು ಬೇಕಲ್ಲ ಅಂದ.

ಜುಲೈ 1, ಸೋಮವಾರ

ಬರೆಯೋಕೆ ಪುರುಸೊತ್ತೇ ಇರಲಿಲ್ಲ. ರೂಮು ತೆರೆದರು. ಪಾಪು ಹತ್ತು ನಿಮಿಷ ಅತ್ತ, ಆಮೇಲೆ ಪಕ್ಕದ ಮಗುವಿನ ಚಮಚ ಕಿತ್ಕೊಂಡ. ನಾನು ಬಾಗಿಲಲ್ಲೇ ಇದ್ದೆ. ತಿರುಗಿಯೂ ನೋಡಲಿಲ್ಲ, ಕಳ್ಳ.

ನನ್ನನ್ನ ಆರನೇ ಕ್ಲಾಸಿಗೆ ಹಾಕಿದ್ದಾರೆ — ತಮ್ಮನ ಕ್ಲಾಸೇ. ಅವನ ಮುಖ ನೋಡಬೇಕಿತ್ತು. ಲೆಕ್ಕ ಯಾರು ಮಾಡ್ತಿದ್ದರು ಅಂತ ಹೇಳಿಬಿಡ್ತೀನೇನೋ ಅನ್ನೋ ಹೆದರಿಕೆ. ಈಗ ಎರಡು ಕೊಡ ನೀರು ಅವನದ್ದು. ಅರ್ಧ ಅಂಗಿ ಮೇಲೇ ಚೆಲ್ಕೊಂಡ. ಅಪ್ಪ ಅದನ್ನ ನೋಡಿ ತಾನೇ ಒಂದು ಕೊಡ ಎತ್ಕೊಂಡು ಹೊರಟ. ಇನ್ನೊಂದು ನಂದೇ. ಪಾತ್ರೆ ತೊಳೆಯೋದೂ ಇನ್ನೂ ನಂದೇ. ಇರಲಿ. ನಿಧಾನಕ್ಕೆ.

ಜುಲೈ 4, ಬೆಳಗ್ಗೆ 9:10

ಕ್ಲಾಸಲ್ಲೇ ಬರೀತಿದ್ದೀನಿ. ಮೂರನೇ ಬೆಂಚು. ಪಕ್ಕದ ಹುಡುಗಿ ಸರಿದು ಜಾಗ ಕೊಟ್ಟಳು. ಸೊಂಟದಲ್ಲಿ ಯಾರೂ ಇಲ್ಲ, ಆದರೂ ಒಂದು ಕಡೆ ವಾಲಿ ಕೂರ್ತೀನಂತೆ — ಅವಳೇ ಹೇಳಿದಳು, ಇಬ್ಬರೂ ನಕ್ಕೆವು.

ಟೀಚರ್ ಹಾಜರಿ ಕೂಗ್ತಿದ್ದಾರೆ. ಹೊಸಬಳು ಅಂತ ನನ್ನದೇ ಕೊನೇ ನಂಬರ್, ಮೂವತ್ತೊಂಬತ್ತು. ತಮ್ಮ ‘ಎಸ್ ಮಿಸ್’ ಅಂದ. ಪೇಂಟರ್ ಮಗನೂ ಅಂದ. ಮೂವತ್ತೇಳು… ಮೂವತ್ತೆಂಟು… ಇನ್ನು ನಾ—