ಬಾಡಿಗೆ ಡೇಲಿಯಾ

೧೯೯೯ ಜನವರಿ ೩, ಭಾನುವಾರ

ಬೆಳಿಗ್ಗೆ ಲಾನಿಗೆ ನೀರು. ಸಂಜೆ ಮತ್ತೆ ನೀರು. ಕುಡಿಯುವ ನೀರೇ ದಿನ ಬಿಟ್ಟು ದಿನ ಬರುವ ವಿಜಯನಗರದಲ್ಲಿ ಹುಲ್ಲಿಗೆ ಎರಡು ಹೊತ್ತು ಸ್ನಾನ. ಲಷ್ಕರ್ ಮೊಹಲ್ಲಾದಲ್ಲಿದ್ದಾಗ ಅತ್ತಿಗೆ ಒಂದು ಕಣಗಿಲೆ ಗಿಡಕ್ಕೂ ಚೊಂಬು ನೀರು ಹಾಕಿದವಳಲ್ಲ.

ಹದಿನೇಳಕ್ಕೆ ಗಾರ್ಡನ್ ಪಾರ್ಟಿಯಂತೆ. ಯಾಕೆ ಅಂದರೆ, "ಸುಮ್ನೆ ಕಣೆ, ಗೆಟ್-ಟುಗೆದರ್." ನನಗೆ ಹೊಸ ಸೀರೆ ತಂದಿದ್ದಾಳೆ. ಈ ಮನೆಯಲ್ಲಿ ನನಗೆ ಯಾರೂ ಸುಮ್ಮನೆ ಸೀರೆ ತರುವುದಿಲ್ಲ.

ಜನವರಿ ೯

ಗೊತ್ತಾಯಿತು. ಹೆಣ್ಣು ನೋಡುವ ಶಾಸ್ತ್ರವೇ. ಹಿಂದೆ ಬಂದವರು ಉಪ್ಪಿಟ್ಟು ತಿಂದು ಬೇಡ ಅಂದು ಹೋದದ್ದು ಬೀದಿಗೆಲ್ಲ ಗೊತ್ತಾಗಿತ್ತಲ್ಲ. ಈ ಸಲ ಜನಜಂಗುಳಿಯಲ್ಲಿ ನೋಡಿ ಹೋಗಲಿ, ಬೇಡ ಅಂದರೂ ಯಾರಿಗೂ ತಿಳಿಯದು — ಅತ್ತಿಗೆಯ ಐಡಿಯಾ. ಹುಡುಗ ನಾಗಾರ್ಜುನ. ಬ್ಯಾಂಕು. ನಾನು ಪಿಯುಸಿ ಎಂದು ಅಣ್ಣ ಅವರಿಗೆ ಹೇಳಿಬಿಟ್ಟಿದ್ದಾನೆ.

"ಅಣ್ಣ, ನಾನು ಓದಿರೋದು ನಾಲ್ಕನೇ ಕ್ಲಾಸು."

"ಮಾರ್ಕ್ಸ್ ಕಾರ್ಡ್ ಯಾರು ಕೇಳ್ತಾರೆ ಬುಡು ಮಂಗಳಾ. ನೀನು ಬಾಯಿ ಬಿಡ್ಬೇಡ. ನಕ್ಕೊಂಡು ಜ್ಯೂಸ್ ಕೊಡು, ಸಾಕು."

ಅಮ್ಮ ಹೋದ ಮೇಲೆ ನನ್ನನ್ನು ಶಾಲೆ ಬಿಡಿಸಿದ್ದು ಇವನ ಡಬ್ಬಿ ಕಟ್ಟಲು. ಇವನು ಎಂಜಿನಿಯರ್ ಆದ. ಈಗ ಬಾಯಲ್ಲೇ ನನ್ನನ್ನು ಪಿಯುಸಿ ಪಾಸು ಮಾಡಿಸಿದ. ಪುಣ್ಯಾತ್ಮ.

ಜನವರಿ ೧೬

ನರ್ಸರಿಯ ಟೆಂಪೊ ಬಂತು. ಕ್ರೋಟನ್, ಸೇವಂತಿಗೆ, ಡೇಲಿಯಾ. ಎಲ್ಲ ಬಾಡಿಗೆಗೆ. ಕುಂಡಗಳ ಮೇಲೆ ಕೆಂಪು ಪೇಂಟಿನಲ್ಲಿ ನರ್ಸರಿಯ ಹೆಸರು. ಅದನ್ನು ಗೋಡೆ ಕಡೆ ತಿರುಗಿಸಿಡುವುದು ನನ್ನ ಕೆಲಸ. ಸೊಂಟ ಬಿದ್ದುಹೋಯಿತು.

"ಡೇಲಿಯಾ ಮುಂದಕ್ಕೆ ಕಣೆ! ನಾವೇ ಬೆಳೆಸಿದ ಹಾಗೆ ಕಾಣ್ಬೇಕು." ಅತ್ತಿಗೆ, ವರಾಂಡದಲ್ಲಿ ಕೂತು.

ಸಂಕ್ರಾಂತಿಯ ಎಳ್ಳು-ಬೆಲ್ಲ ಡಬ್ಬಿ ತುಂಬ ಇದೆ. ಅದು ಬೇಡವಂತೆ. ಕಟ್ಲೆಟ್ಟಂತೆ.

ಜನವರಿ ೧೮, ಬೆಳಿಗ್ಗೆ

ಮುಗಿಯಿತು. ಹೆಂಗಸರ ಹೈಹೀಲ್ಸು ಒದ್ದೆ ಲಾನಿನಲ್ಲಿ ಕಚಕ್ ಕಚಕ್ ಎಂದು ಹೂತುಕೊಳ್ಳುತ್ತಿತ್ತು. ಕಿತ್ತುಕೊಂಡು "ಎಷ್ಟು ಗ್ರೀನಾಗಿದೆ ಪ್ರೇಮಾ!" ಎಂದು ಅತ್ತಿಗೆಗೆ ಅನ್ನುವುದು. ಮತ್ತೆ ಹೂತುಕೊಳ್ಳುವುದು. ಗಂಡಸರ ಬಾಯಲ್ಲಿ ಸೈಟಿನ ರೇಟು ಬಿಟ್ಟು ಬೇರೆ ಮಾತಿಲ್ಲ. ಹುಡುಗನ ತಾಯಿ ವೇದವತಿಯಮ್ಮ ನನ್ನನ್ನು ಸಂತೆಯ ಬದನೆಕಾಯಿಯಂತೆ ಹಿಂದೆ ಮುಂದೆ ನೋಡಿದರು.

ತಪ್ಪಿಸಿಕೊಂಡು ಹಿತ್ತಿಲ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದೆ. ಗೋಡೆ ಪಕ್ಕ ಒಬ್ಬ ಕುಂಡ ತಿರುಗಿಸಿ ಓದುತ್ತಿದ್ದ. ಫೋಟೋದಲ್ಲಿ ನೋಡಿದ ಮುಖ. ನಾಗಾರ್ಜುನ.

"ನಿಮ್ಮ ಡೇಲಿಯಾ ಬಾಡಿಗೆದು ಕಣ್ರೀ."

"ನಾಳೆ ಟೆಂಪೊ ಬರುತ್ತೆ." ನನ್ನ ಬಾಯೇ ಹೇಳಿತು!

"ಲಾನೂ ಹೋಗುತ್ತಾ?"

"ಇಲ್ಲ. ಅದನ್ನ ಸುತ್ಕೊಂಡು ಹೋಗಕ್ಕಾಗಲ್ವಲ್ಲ."

ನಕ್ಕ. "ಏನು ಓದಿದ್ದೀರ?"

"ನಾಲ್ಕನೇ ಕ್ಲಾಸು."

ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಸಖತ್ ತಮಾಷೆ ಮಾಡ್ತೀರ ಬುಡಿ" ಎನ್ನುತ್ತ ಹೋದ.

ನಿಜ ಹೇಳಿದ್ದೆ. ಪಿಯುಸಿ ಅಂದಿದ್ದರೆ ಮರುಮಾತಿಲ್ಲದೆ ನಂಬುತ್ತಿದ್ದ. ಇಂಥವರ ಕೈಲಿ ಜನ ದುಡ್ಡು ಇಡುತ್ತಾರೆ.

ನಕ್ಕರೆ ಮಾತ್ರ... ಬೇಡ. ಬರೆಯುವುದಿಲ್ಲ.

ಜನವರಿ ೨೭

ಒಪ್ಪಿದ್ದಾರೆ. ಹುಡುಗಿ ಬಹಳ ತಮಾಷೆಯವಳು ಎಂದು ಹುಡುಗ ಹೇಳಿದನಂತೆ. "ಹೆಂಗೆ ನನ್ನ ಐಡಿಯಾ?" — ಅತ್ತಿಗೆ ಬೆಳಿಗ್ಗೆಯಿಂದ ಇದೇ.

ನಲ್ಲಿ ಹತ್ತಿರ ಆದದ್ದನ್ನು ಅಣ್ಣನಿಗೆ ಹೇಳಿದೆ. "ಈಗಲಾದ್ರೂ ನಿಜ ಹೇಳ್ಬುಡಣ್ಣ."

"ನೀನೇ ಹೇಳಿದ್ದೀಯಲ್ಲೇ! ಅವನು ನಂಬ್ಲಿಲ್ಲ ಅಂದ್ರೆ ನಾವೇನ್ ಮಾಡೋಣ?"

ಗಂಡ ಹೆಂಡತಿ ಇಬ್ಬರೂ ನಕ್ಕರು. ಥೂ.

ನನ್ನದೇನು ಕಡಿಮೆ? ಒಂದು ವಾರದಿಂದ ನೀರು ಬಿಡುವಾಗ ಹಾಡಿಕೊಳ್ಳುತ್ತಿದ್ದೇನೆ. ಸುಮ್ಮನಿದ್ದರೆ ಅವನು ಸಿಗುತ್ತಾನೆ. ಆಮೇಲೆ ಒಂದು ದಿನ ಗೊತ್ತಾದರೆ — ಆಗ ಹಾಗೆ ನಗುತ್ತಾನೆಯೇ?

ಫೆಬ್ರವರಿ ೪, ಸಂಜೆ

ಫೋನು. ಮನೆಯಲ್ಲಿ ನಾನೊಬ್ಬಳೇ.

"ನಾಲ್ಕನೇ ಕ್ಲಾಸ್ ಮೇಡಮ್ಮಾ?" ನಗುತ್ತಲೇ ಶುರು.

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದೆ. "ಅದು ತಮಾಷೆ ಅಲ್ಲ. ಅಮ್ಮ ತೀರ್ಕೊಂಡ್ರು, ಶಾಲೆ ಬಿಡಿಸಿದ್ರು. ಪಿಯುಸಿ ಅಣ್ಣ ಹೇಳಿದ ಸುಳ್ಳು."

ನಗು ನಿಂತಿತು. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಮನೆಯಿಂದಲೇ ಮಾಡಿದ್ದಾನೆ.

"ಆವತ್ತೇ..."

"ಆವತ್ತೂ ನಿಜಾನೇ ಹೇಳ್ದೆ. ನೀವು ನಕ್ಕಿರಿ."

ಫೋನ್ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ. ದನಿ ತಗ್ಗಿಸಿದ. "ನೋಡಿ, ನಂಗೇನೂ ಇಲ್ಲ. ನಿಜವಾಗ್ಲೂ. ಆದ್ರೆ ಅಮ್ಮನ ಹತ್ರ ಪಿಯುಸಿ ಅಂತಲೇ ಇರ್ಲಿ. ಬ್ಯಾಂಕಲ್ಲೂ ಅಷ್ಟೆ. ಯಾರು ಕೇಳ್ತಾರೆ ಬುಡಿ."

ಅಣ್ಣನ ಮಾತು. ಅಕ್ಷರ ಬಿಡದೆ ಅಣ್ಣನದೇ ಮಾತು. ಇಷ್ಟು ದಿನ ಇವನಿಗಾಗಿ ಹಾಡಿಕೊಂಡೆನಲ್ಲ...

"ನಿಮ್ಮಮ್ಮ ಅಲ್ಲೇ ಇದ್ದಾರಾ?"

"ಯಾಕೆ?"

"ಕೊಡಿ ಅವರಿಗೆ."

"ಮಂಗಳಾ ಅವರೇ, ಸ್ವಲ್ಪ ಕೇಳಿ ಇಲ್ಲಿ —"

"ಯಾರೋ ಅದು, ಅಷ್ಟು ಹೊತ್ತಿಂದ?" ಹಿಂದಿನಿಂದ ವೇದವತಿಯಮ್ಮನ ದನಿ. ರಿಸೀವರ್ ಕೈ ಬದಲಾದ ಸದ್ದು.

"ಹಲೋ, ಮಂಗಳಾನಾ? ಹೇಳಮ್ಮ."

ಗೋಡೆಗೆ ಒರಗಿದೆ.

"ಅಮ್ಮ, ನಾನು ಓದಿರೋದು ನಾಲ್ಕನೇ ಕ್ಲಾಸು."